ಕ್ಷಾಮದ ಊರಿಗೆ ಊಟ ತಲುಪುವುದು ಹೇಗೆ?

ಸುಡಾನ್ ದೇಶದ ಎಲ್ ಫಾಶರ್ ಎಂಬ ಊರಿನ ಹೆಸರು 2025ರಲ್ಲಿ ಮತ್ತೆ ಮತ್ತೆ ಸುದ್ದಿಗೆ ಬಂತು. ಸುಮಾರು ಒಂದೂವರೆ ವರ್ಷ, ದೇಶದ ಸೈನ್ಯದ ವಿರುದ್ಧ ಕಾದಾಡುವ ಆರ್‌ಎಸ್‌ಎಫ್ ಎಂಬ ಪಡೆ ಆ ಊರನ್ನು ಮುತ್ತಿಗೆ ಹಾಕಿ ಕೂತಿತ್ತು. ಒಳಗೆ ಜೋಳ ಮುಗಿಯಿತು, ಬೇಳೆ ಮುಗಿಯಿತು. ಜನ 'ಅಂಬಾಜ್' ತಿನ್ನತೊಡಗಿದರು. ಅಂಬಾಜ್ ಅಂದರೆ ಎಣ್ಣೆ ತೆಗೆದ ಮೇಲೆ ಗಾಣದಲ್ಲಿ ಉಳಿಯುವ ಶೇಂಗಾ ಹಿಂಡಿ. ನಮ್ಮಲ್ಲಿ ಎಮ್ಮೆಗೆ ನೆನೆಹಾಕಿ ಇಡುತ್ತಾರಲ್ಲ, ಅದೇ. ಆ ಊರು ಅಕ್ಟೋಬರ್ ಕೊನೆಯಲ್ಲಿ ಆರ್‌ಎಸ್‌ಎಫ್ ಕೈವಶವಾಯಿತು. ನವೆಂಬರ್‌ನಲ್ಲಿ ಅಲ್ಲಿ ಕ್ಷಾಮ ಇರುವುದು ಖಚಿತ ಎಂದು ಅಂತರರಾಷ್ಟ್ರೀಯ ತಜ್ಞರ ಸಮಿತಿ ಹೇಳಿತು.

ಇಂಥ ಸುದ್ದಿ ಓದಿದಾಗ ಯಾರಿಗಾದರೂ ಒಂದು ಪ್ರಶ್ನೆ ಬರುತ್ತದೆ. ವಿಶ್ವಸಂಸ್ಥೆ ಇದೆ, ಇಷ್ಟೊಂದು ನೆರವಿನ ಸಂಸ್ಥೆಗಳಿವೆ, ಪ್ರಪಂಚದಲ್ಲಿ ಧಾನ್ಯವೂ ಬೇಕಾದಷ್ಟಿದೆ. ಲಾರಿ ತುಂಬಿ ಕಳಿಸಿದರೆ ಆಯ್ತು, ಅಲ್ವಾ? ಲಾರಿ ಕಳಿಸುವುದು ಆ ಕೆಲಸದ ಒಂದು ತುಂಡು ಮಾತ್ರ. ಎಲ್ಲಿ ಎಷ್ಟು ಹಸಿವಿದೆ ಅಂತ ಅಳೆಯಬೇಕು. ಹಸಿವಿನಿಂದ ಕಾಯಿಲೆ ಬಿದ್ದ ಮಗುವಿಗೆ ಏನು ಕೊಡಬೇಕು, ಏನು ಕೊಡಲೇಬಾರದು ಅಂತ ಗೊತ್ತಿರಬೇಕು. ಈ ಎರಡೂ ವಿದ್ಯೆ ಇವತ್ತು ಚೆನ್ನಾಗಿ ಕೈಗೆ ಹತ್ತಿದೆ. ಕೆಲಸ ನಿಲ್ಲುವುದು ಬೇರೆ ಕಡೆ. ಅದನ್ನು ಒಂದೊಂದಾಗಿ ನೋಡೋಣ.

ಹಸಿವು ಒಂದೇ ಥರ ಇರುವುದಿಲ್ಲ

ಒಂದು ಹೊತ್ತಿನ ಊಟ ತಪ್ಪಿದರೆ ಆಗುವುದು ಹಸಿವು. ನೆರವಿನ ಸಂಸ್ಥೆಗಳು ತಲೆಕೆಡಿಸಿಕೊಳ್ಳುವುದು ಅದು ಮೈಗೆ ಇಳಿದು ಕಾಯಿಲೆಯಾದಾಗ. ಅದನ್ನೇ ಅಪೌಷ್ಟಿಕತೆ ಅನ್ನುತ್ತಾರೆ. ಅದರಲ್ಲಿ ಎರಡು ಬಗೆ ಮುಖ್ಯ.

ಮೊದಲನೆಯದು ನಿಧಾನದ್ದು. ತಿಂಗಳುಗಟ್ಟಲೆ, ವರ್ಷಗಟ್ಟಲೆ ಸಾಲದ ಊಟ, ಪದೇ ಪದೇ ಬರುವ ಭೇದಿ, ಗರ್ಭಿಣಿಯಾಗಿದ್ದಾಗ ತಾಯಿಗೇ ಸರಿಯಾದ ಪೋಷಣೆ ಇಲ್ಲದಿರುವುದು. ಇವೆಲ್ಲ ಸೇರಿ ಮಗು ವಯಸ್ಸಿಗೆ ತಕ್ಕ ಎತ್ತರ ಬೆಳೆಯುವುದಿಲ್ಲ. ಐದು ವರ್ಷದೊಳಗಿನ ಸುಮಾರು 15 ಕೋಟಿ ಮಕ್ಕಳು 2024ರಲ್ಲಿ ಹೀಗಿದ್ದರು. ನೋಡಲು ಆರೋಗ್ಯವಾಗಿಯೇ ಕಾಣುತ್ತಾರೆ, ಸುಮ್ನೆ ಗಿಡ್ಡ ಅಂತ ಅನ್ನಿಸುತ್ತದೆ.

ಎರಡನೆಯದು ದಿಢೀರ್ ಬರುವುದು. ಕೆಲವೇ ವಾರಗಳಲ್ಲಿ ಮಗುವಿನ ಮಾಂಸ ಕರಗಿ, ಪಕ್ಕೆಲುಬು ಎದ್ದು ಕಾಣುತ್ತದೆ. ಕೆಲವು ಮಕ್ಕಳಲ್ಲಿ ಇದರ ಉಲ್ಟಾ ಕಾಣುತ್ತದೆ. ಕಾಲು, ಮುಖ ಊದಿಕೊಂಡು ಮಗು ಗುಂಡಗಿರುವಂತೆ ತೋರುತ್ತದೆ. ಅದು ನೀರು ತುಂಬಿದ ಬಾವು. ಎರಡೂ ಪಾದಗಳ ಮೇಲೆ ಹೆಬ್ಬೆರಳಿಂದ ಮೂರು ಸೆಕೆಂಡ್ ಒತ್ತಿ ಬಿಟ್ಟಾಗ ಗುಳಿ ಹಾಗೇ ಉಳಿದರೆ ಅದು ತೀವ್ರ ಅಪೌಷ್ಟಿಕತೆಯ ಗುರುತು. ಮೈಮಾಂಸ ಕರಗಿದ ಮಕ್ಕಳು 2024ರ ಲೆಕ್ಕದಲ್ಲಿ 4 ಕೋಟಿ 28 ಲಕ್ಷ. ಅದರಲ್ಲಿ 1 ಕೋಟಿ 22 ಲಕ್ಷ ಮಕ್ಕಳದು ತೀವ್ರ ಸ್ಥಿತಿ.

ಈ ತೀವ್ರ ಸ್ಥಿತಿಯ ಮಗು ಸಾಯುವ ಅಪಾಯ ಚೆನ್ನಾಗಿರುವ ಮಗುವಿಗಿಂತ ಹತ್ತು ಪಟ್ಟಿಗೂ ಜಾಸ್ತಿ. ಹೆಚ್ಚಿನವು ಸಾಯುವುದು ನೇರ ಹಸಿವಿನಿಂದಲ್ಲ. ಭೇದಿ, ನ್ಯುಮೋನಿಯಾ, ದಡಾರ ಬಂದು ಸಾಯುತ್ತವೆ. ಬೇರೆ ಮಗು ವಾರದಲ್ಲಿ ಸುಧಾರಿಸಿಕೊಳ್ಳುವ ಭೇದಿಯನ್ನು ಈ ಮಗುವಿನ ಮೈ ತಡೆಯಲಾರದು. ಆದ್ದರಿಂದಲೇ ಕ್ಷಾಮದ ಕಡೆ ಹೋಗುವ ಸಂಸ್ಥೆಗಳು ಆಹಾರದ ಜತೆ ದಡಾರದ ಲಸಿಕೆ, ಕ್ಲೋರಿನ್, ಕಕ್ಕಸು ಕಟ್ಟುವ ಸಾಮಾನು ಹೊತ್ತು ಹೋಗುತ್ತವೆ. ಸುಡಾನ್‌ನಲ್ಲಿ 2024ರಿಂದ ಕಾಲರಾ ಕೂಡ ಹರಡಿತು. ಹಸಿವು ಮತ್ತು ಕಾಲರಾ ಒಂದಕ್ಕೊಂದು ದಾರಿ ಮಾಡಿಕೊಡುತ್ತವೆ.

ಕ್ಷಾಮ ಅಂತ ಹೇಳುವವರು ಯಾರು?

ರಾಜಕಾರಣಿಯೋ ಟಿವಿ ಚಾನೆಲ್ಲೋ 'ಕ್ಷಾಮ' ಅಂದರೆ ಅದು ಕ್ಷಾಮ ಆಗುವುದಿಲ್ಲ. ಅದಕ್ಕೊಂದು ಅಳತೆಗೋಲಿದೆ. ಹೆಸರು ಐಪಿಸಿ. ನಮ್ಮ ಹಳೆಯ ದಂಡ ಸಂಹಿತೆ ಅಂದುಕೊಳ್ಳಬೇಡಿ, ಇದು ಬೇರೆ. ಆಹಾರದ ಪರಿಸ್ಥಿತಿಯನ್ನು ಒಂದರಿಂದ ಐದರವರೆಗೆ ಹಂತಗಳಾಗಿ ವಿಂಗಡಿಸುವ ಪದ್ಧತಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಇದನ್ನು 2004ರಲ್ಲಿ ಸೊಮಾಲಿಯಾದ ಕೆಲಸಕ್ಕಾಗಿ ರೂಪಿಸಿತು. ಈಗ ಹತ್ತಾರು ದೇಶಗಳಲ್ಲಿ ಬಳಕೆಯಲ್ಲಿದೆ.

ಒಂದನೇ ಹಂತ ಅಂದರೆ ತೊಂದರೆ ಇಲ್ಲ. ಮೂರನೇ ಹಂತ ಬಂದರೆ ಜನ ಊಟ ಬಿಡತೊಡಗಿದ್ದಾರೆ, ಇಲ್ಲವೇ ಊಟಕ್ಕಾಗಿ ಆಡು, ಬಿತ್ತನೆ ಬೀಜ ಮಾರತೊಡಗಿದ್ದಾರೆ ಎಂದರ್ಥ. ಐದನೇ ಹಂತವೇ ಕ್ಷಾಮ. ಅದಕ್ಕೆ ಮೂರು ಗೆರೆ ದಾಟಿರಬೇಕು. ನೂರರಲ್ಲಿ ಇಪ್ಪತ್ತು ಮನೆಗಳಿಗಾದರೂ ಆಹಾರವೇ ಇಲ್ಲದ ಸ್ಥಿತಿ ಇರಬೇಕು. ನೂರರಲ್ಲಿ ಮೂವತ್ತು ಮಕ್ಕಳಾದರೂ ಮೈಮಾಂಸ ಕರಗಿದವರಾಗಿರಬೇಕು. ಹತ್ತು ಸಾವಿರ ಜನರಲ್ಲಿ ದಿನಕ್ಕೆ ಇಬ್ಬರಾದರೂ ಹಸಿವಿನಿಂದ, ಅಥವಾ ಹಸಿವು ಕಾಯಿಲೆ ಸೇರಿ, ಸಾಯುತ್ತಿರಬೇಕು.

ಇಬ್ಬರೇನಾ ಅನ್ನಿಸಬಹುದು. ಐದು ಲಕ್ಷ ಜನರ ಊರಲ್ಲಿ ಅದು ದಿನಕ್ಕೆ ನೂರು ಹೆಣ.

ಈ ಲೆಕ್ಕ ಸಿಗುವುದು ಮನೆ ಮನೆ ಸಮೀಕ್ಷೆಯಿಂದ. ಎಷ್ಟು ಹೊತ್ತು ಉಂಡಿರಿ, ಕಳೆದ ಮೂರು ತಿಂಗಳಲ್ಲಿ ಈ ಮನೆಯಲ್ಲಿ ಯಾರಾದರೂ ತೀರಿಕೊಂಡರಾ ಅಂತ ಕೇಳುತ್ತಾರೆ. ಮಕ್ಕಳ ತೂಕ, ಎತ್ತರ ಅಳೆಯುತ್ತಾರೆ. ಯುದ್ಧ ನಡೆಯುವಲ್ಲಿ ಈ ಸಮೀಕ್ಷೆಯೇ ಆಗುವುದಿಲ್ಲ. ಆಗ ತಜ್ಞರು ಸಿಕ್ಕಷ್ಟು ಮಾಹಿತಿ ಜೋಡಿಸಿ ಹೇಳಬೇಕಾಗುತ್ತದೆ. ಹೀಗಾಗಿ ಕ್ಷಾಮ ಖಚಿತವಾದ ಉದಾಹರಣೆಗಳು ಕೈಬೆರಳಲ್ಲಿ ಎಣಿಸುವಷ್ಟೇ ಇವೆ: 2011ರಲ್ಲಿ ಸೊಮಾಲಿಯಾ, 2017ರಲ್ಲಿ ದಕ್ಷಿಣ ಸುಡಾನ್, 2024ರಿಂದ ಸುಡಾನ್, 2025ರ ಆಗಸ್ಟ್‌ನಲ್ಲಿ ಗಾಜಾ.

ಸೊಮಾಲಿಯಾದ್ದು ಕಹಿ ಪಾಠ. ಅಲ್ಲಿ 2011ರ ಜುಲೈ 20ರಂದು ಕ್ಷಾಮ ಘೋಷಣೆಯಾಯಿತು. ಆ ಕ್ಷಾಮದಲ್ಲಿ ಸತ್ತವರು ಸುಮಾರು 2 ಲಕ್ಷ 58 ಸಾವಿರ, ಅರ್ಧಕ್ಕಿಂತ ಜಾಸ್ತಿ ಐದು ವರ್ಷದೊಳಗಿನ ಮಕ್ಕಳು. ಘೋಷಣೆ ಬರುವ ಹೊತ್ತಿಗೇ ಅರ್ಧದಷ್ಟು ಸಾವು ಆಗಿಹೋಗಿತ್ತು. ಮಳೆ ಕೈಕೊಡುವ ಮುನ್ಸೂಚನೆ 2010ರಲ್ಲೇ ಬಂದಿತ್ತು, ದುಡ್ಡು ಬಂದದ್ದು ಘೋಷಣೆಯ ನಂತರ. ಘೋಷಣೆಗೆ ಕಾನೂನಿನ ಬಲ ಯಾವುದೂ ಇಲ್ಲ ಅನ್ನುವುದನ್ನೂ ಇಲ್ಲೇ ಹೇಳಿಬಿಡಬೇಕು. ಕ್ಷಾಮ ಅಂತ ಸಾರಿದ ಮಾತ್ರಕ್ಕೆ ಯಾವ ದೇಶವೂ ಅಕ್ಕಿ ಕಳಿಸಲೇಬೇಕು ಎಂದೇನಿಲ್ಲ. ಅದು ಪ್ರಪಂಚದ ಕಣ್ಣು ಆ ಕಡೆ ತಿರುಗಿಸುವ ಒಂದು ದಾರಿ, ಅಷ್ಟೆ.

ತೋಳಿಗೆ ಸುತ್ತುವ ಪಟ್ಟಿ

ಒಂದು ಶಿಬಿರದಲ್ಲಿ ಸಾವಿರಾರು ಮಕ್ಕಳಿದ್ದಾರೆ, ಡಾಕ್ಟರ್ ಒಬ್ಬರೋ ಇಬ್ಬರೋ. ಯಾವ ಮಗು ಅಪಾಯದಲ್ಲಿದೆ ಅಂತ ಬೇಗ ಹುಡುಕುವುದು ಹೇಗೆ? ಇದಕ್ಕೆ ಬಳಸುವ ಸಾಧನ ಬಣ್ಣ ಬಳಿದ ಒಂದು ಪ್ಲಾಸ್ಟಿಕ್ ಪಟ್ಟಿ. ಮುವಾಕ್ ಟೇಪ್ ಅನ್ನುತ್ತಾರೆ.

ಮಗುವಿನ ಎಡಗೈಯನ್ನು ಮೊಣಕೈಯಲ್ಲಿ ಮಡಚಿ, ಭುಜದ ತುದಿಗೂ ಮೊಣಕೈಗೂ ನಡುವಿನ ಜಾಗ ಗುರುತು ಮಾಡುತ್ತಾರೆ. ಆಮೇಲೆ ಕೈಯನ್ನು ಸಡಿಲವಾಗಿ ಇಳಿಬಿಟ್ಟು, ಆ ಗುರುತಿನ ಮೇಲೆ ಪಟ್ಟಿ ಸುತ್ತುತ್ತಾರೆ. ಬಿಗಿಯಾಗಬಾರದು, ಚರ್ಮ ಮಡಚಬಾರದು, ಜೋಲೂ ಬೀಳಬಾರದು. ಪಟ್ಟಿಯ ಕಿಂಡಿಯಲ್ಲಿ ಕಾಣುವ ಬಣ್ಣವೇ ಉತ್ತರ. ಸುತ್ತಳತೆ 12.5 ಸೆಂಟಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಹಸಿರು. 11.5ರಿಂದ 12.5ರೊಳಗೆ ಹಳದಿ, ಅಂದರೆ ಸಾಧಾರಣ ಅಪೌಷ್ಟಿಕತೆ. 11.5ಕ್ಕಿಂತ ಕಡಿಮೆ ಬಂದರೆ ಕೆಂಪು, ತೀವ್ರ ಅಪೌಷ್ಟಿಕತೆ.

ಆರು ತಿಂಗಳ ಮಗುವಿಗೂ ನಾಲ್ಕೂವರೆ ವರ್ಷದ ಮಗುವಿಗೂ ಒಂದೇ ಅಳತೆಯಾ ಅಂತ ಕೇಳಬಹುದು. ಹೌದು, ಒಂದೇ. ಈ ವಯಸ್ಸಿನಲ್ಲಿ ಮಗು ಉದ್ದ ಬೆಳೆದಷ್ಟು ತೋಳು ದಪ್ಪ ಆಗುವುದಿಲ್ಲ. ಅದಕ್ಕೇ ವಯಸ್ಸು ಸರಿಯಾಗಿ ಗೊತ್ತಿಲ್ಲದ ಮಗುವಿಗೂ, ತಕ್ಕಡಿ ಇಲ್ಲದ ಜಾಗದಲ್ಲೂ ಇದು ನಡೆಯುತ್ತದೆ.

ಓದು ಬರಹ ಬಾರದವರೂ ಬಳಸಬಹುದಾದ್ದರಿಂದ, ನೈಜರ್ ದೇಶದಲ್ಲಿ ಅಲಿಮಾ ಎಂಬ ಸಂಸ್ಥೆ ಈ ಪಟ್ಟಿಯನ್ನು ನೇರವಾಗಿ ತಾಯಂದಿರ ಕೈಗೇ ಕೊಟ್ಟು ನೋಡಿತು. ಅವರ ಅಳತೆ ಆರೋಗ್ಯ ಕಾರ್ಯಕರ್ತೆಯರ ಅಳತೆಗಿಂತ ಕಡಿಮೆಯೇನೂ ಇರಲಿಲ್ಲ. ಮಕ್ಕಳು ಇನ್ನೂ ಪೂರ್ತಿ ಸೊರಗುವ ಮೊದಲೇ ಚಿಕಿತ್ಸೆಗೆ ಬರತೊಡಗಿದರು.

ಹಸಿದ ಮಗುವಿಗೆ ಹೊಟ್ಟೆ ತುಂಬ ಉಣಿಸಬಾರದು, ಯಾಕೆ?

ಇಡೀ ವಿಷಯದಲ್ಲಿ ಜನ ನಂಬಲು ಕಷ್ಟಪಡುವ ಮಾತು ಇದು. ತೀರಾ ಸೊರಗಿ ಕಾಯಿಲೆ ಬಿದ್ದ ಮಗುವಿಗೆ ಮೊದಲ ದಿನವೇ ಧಾರಾಳವಾಗಿ ಉಣಿಸಿದರೆ ಅದು ಸತ್ತೇ ಹೋಗಬಹುದು. ಎರಡನೇ ಮಹಾಯುದ್ಧ ಮುಗಿದಾಗ, 1945ರಲ್ಲಿ, ನಾಜಿ ಶಿಬಿರಗಳಿಂದ ಬಿಡುಗಡೆಯಾದವರಿಗೆ ಸೈನಿಕರು ಕನಿಕರದಿಂದ ತಮ್ಮ ಡಬ್ಬಿಯ ಮಾಂಸ, ಚಾಕೊಲೇಟ್ ಕೊಟ್ಟರು. ತಿಂದವರಲ್ಲಿ ಹಲವರು ಪ್ರಾಣ ಬಿಟ್ಟರು.

ಆರುತ್ತಿರುವ ಒಲೆಗೆ ಒಮ್ಮೆಲೇ ದಪ್ಪ ಸೌದೆ ತುರುಕಿದರೆ ಇದ್ದ ಕೆಂಡವೂ ಆರಿಹೋಗುತ್ತದೆ. ಮೊದಲು ತರಗು, ಪುಳ್ಳೆ ಹಾಕಿ ಊದಬೇಕು. ಮೈಯೂ ಹಾಗೇ. ವಾರಗಟ್ಟಲೆ ಊಟ ಇಲ್ಲದಾಗ ಮೈ ತನ್ನ ಕೆಲಸ ಕಡಿಮೆ ಮಾಡಿಕೊಳ್ಳುತ್ತದೆ. ಹೃದಯ ನಿಧಾನ ಬಡಿಯುತ್ತದೆ, ಮೂತ್ರಪಿಂಡ, ಕರುಳು ಅರ್ಧ ನಿದ್ದೆಗೆ ಹೋಗುತ್ತವೆ. ರಕ್ತದಲ್ಲಿ ಪೊಟ್ಯಾಸಿಯಂ, ಫಾಸ್ಫೇಟ್‌ನಂಥ ಲವಣಗಳ ದಾಸ್ತಾನು ಬರಿದಾಗಿರುತ್ತದೆ. ಆಗ ದಿಢೀರನೆ ಊಟ ಬಿದ್ದರೆ ಇನ್ಸುಲಿನ್ ಏರುತ್ತದೆ. ಉಳಿದ ಚೂರುಪಾರು ಲವಣವೂ ರಕ್ತದಿಂದ ಜೀವಕೋಶಗಳೊಳಗೆ ಓಡುತ್ತದೆ. ಹೃದಯ ಬಡಿಯಲು ಬೇಕಾದ ಲವಣವೇ ರಕ್ತದಲ್ಲಿ ಇಲ್ಲದಂತಾಗಿ ಅದು ನಿಲ್ಲುತ್ತದೆ.

ಇದಕ್ಕಾಗಿ ಎಫ್-75 ಎಂಬ ಹಾಲು ಇದೆ. ನೂರು ಮಿಲಿಲೀಟರ್‌ಗೆ 75 ಕ್ಯಾಲೊರಿ ಮಾತ್ರ. ಮಗು ಆಸ್ಪತ್ರೆಗೆ ಬಂದಾಗ ಇದನ್ನು ಎರಡು ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪವೇ ಕುಡಿಸುತ್ತಾರೆ, ರಾತ್ರಿಯೂ ಎಬ್ಬಿಸಿ. ಕುಡಿಯಲು ಆಗದಿದ್ದರೆ ಮೂಗಿನ ಕೊಳವೆಯಲ್ಲಿ. ಮೈ ತಣ್ಣಗಾಗದಂತೆ ತಾಯಿಯ ಎದೆಗೆ ಒರಗಿಸಿ ಹೊದಿಸುತ್ತಾರೆ. ಸೋಂಕು ಕಾಣದಿದ್ದರೂ ಆಂಟಿಬಯೋಟಿಕ್ ಕೊಡುತ್ತಾರೆ, ಯಾಕೆಂದರೆ ಈ ಮಕ್ಕಳಿಗೆ ಜ್ವರ ಬರುವಷ್ಟೂ ತ್ರಾಣ ಇರುವುದಿಲ್ಲ. ರಕ್ತ ಕಡಿಮೆ ಇದ್ದರೂ ಕಬ್ಬಿಣಾಂಶ ಮಾತ್ರ ಮೊದಲ ದಿನಗಳಲ್ಲಿ ಕೊಡುವುದಿಲ್ಲ. ಅದು ಸೋಂಕಿಗೆ ಅನುಕೂಲ ಮಾಡಿಕೊಡಬಹುದು. ಹೀಗೆ ಕೆಲವು ದಿನ ಕಳೆದು, ಮಗು 'ಇನ್ನೂ ಬೇಕು' ಅಂತ ಅಳತೊಡಗಿದರೆ ವಾರ್ಡಿನಲ್ಲಿ ಎಲ್ಲರಿಗೂ ಸಮಾಧಾನ. ಹಸಿವು ವಾಪಸ್ ಬಂದಿದೆ ಅಂದರೆ ಮೈ ಎಚ್ಚೆತ್ತಿದೆ.

ಶೇಂಗಾ ಪೇಸ್ಟ್ ಬಂದ ಮೇಲೆ

ಹಿಂದೆ ಎಲ್ಲ ಮಕ್ಕಳಿಗೂ ಆಸ್ಪತ್ರೆಯೇ ಗತಿಯಾಗಿತ್ತು. ಮೊದಲು ಎಫ್-75, ಆಮೇಲೆ ಗಟ್ಟಿಯಾದ ಎಫ್-100 ಹಾಲು. ತಾಯಿ ವಾರಗಟ್ಟಲೆ ಅಲ್ಲೇ ಇರಬೇಕು. ಮನೆಯಲ್ಲಿ ಬೇರೆ ಮಕ್ಕಳಿರುತ್ತಾರೆ, ಹೊಲ ಇರುತ್ತದೆ, ಕೂಲಿ ಇರುತ್ತದೆ. ಎಷ್ಟೋ ತಾಯಂದಿರು ಬರುತ್ತಲೇ ಇರಲಿಲ್ಲ, ಬಂದವರು ನಡುವೆ ಹೊರಟುಹೋಗುತ್ತಿದ್ದರು. ಒಂದೇ ಡೇರೆಯಲ್ಲಿ ಸೊರಗಿದ ಮಕ್ಕಳನ್ನೆಲ್ಲ ಮಲಗಿಸಿದರೆ ಒಂದರ ಭೇದಿ ಇನ್ನೊಂದಕ್ಕೆ. ಹಾಲನ್ನು ಮನೆಗೆ ಕೊಟ್ಟು ಕಳಿಸೋಣ ಅಂದರೆ, ಅದಕ್ಕೆ ಶುದ್ಧ ನೀರು ಬೇಕು. ಕೆರೆ ನೀರಲ್ಲಿ ಕಲಸಿ ಒಂದೆರಡು ಗಂಟೆ ಇಟ್ಟರೆ ಅದೇ ವಿಷ.

ಫ್ರಾನ್ಸ್‌ನ ಮಕ್ಕಳ ವೈದ್ಯ ಆಂದ್ರೆ ಬ್ರಿಯಾಂ ಈ ಹಾಲನ್ನೇ ನೀರು ಬೇಡದ ರೂಪಕ್ಕೆ ತರುವುದು ಹೇಗೆ ಅಂತ ವರ್ಷಗಟ್ಟಲೆ ಒದ್ದಾಡಿದರು. ಬಿಸ್ಕತ್ತು ಥರದ್ದನ್ನೂ ಮಾಡಿ ನೋಡಿದರು, ಸರಿಹೋಗಲಿಲ್ಲ. ಬ್ರೆಡ್ಡಿಗೆ ಸವರುವ ನುಟೆಲ್ಲಾ ಬಾಟಲಿ ನೋಡಿ ಹೊಳೆಯಿತು ಅನ್ನುವ ಕಥೆ ಇದೆ. ನುಟ್ರಿಸೆಟ್ ಎಂಬ ಕಂಪನಿಯ ಮಿಶೆಲ್ ಲೆಸ್ಕಾನ್ ಜತೆ ಸೇರಿ 1996ರಲ್ಲಿ 'ಪ್ಲಂಪಿನಟ್' ಮಾಡಿದರು. ಹುರಿದ ಶೇಂಗಾ ಅರೆದ ಪೇಸ್ಟ್, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ಜತೆಗೆ ವಿಟಮಿನ್ನು ಖನಿಜ. 92 ಗ್ರಾಂ ಪೊಟ್ಟಣ, 500 ಕ್ಯಾಲೊರಿ. ಮೂಲೆ ಹರಿದು ಹಿಂಡಿದರೆ ಮಗು ನೇರವಾಗಿ ಚೀಪುತ್ತದೆ. ಒಲೆ ಬೇಡ, ನೀರು ಕಲಸಬೇಕಿಲ್ಲ, ಫ್ರಿಜ್ ಬೇಡ, ಎರಡು ವರ್ಷ ಕೆಡುವುದಿಲ್ಲ. ಸಕ್ಕರೆ, ಹಾಲಿನ ಪುಡಿಯ ಒಂದೊಂದು ಕಣವನ್ನೂ ಎಣ್ಣೆ ಸುತ್ತಿಕೊಂಡಿರುತ್ತದೆ. ನೀರಿನ ಪಸೆ ಇಲ್ಲದ್ದರಿಂದ ರೋಗಾಣು ಬೆಳೆಯಲಾರದು. ಗುಟ್ಟು ಇಷ್ಟೇ.

ಪೊಟ್ಟಣ ಸಿಕ್ಕಿತು, ಆದರೆ ಅದನ್ನು ಮನೆಗೆ ಕೊಟ್ಟು ಕಳಿಸಲು ಧೈರ್ಯ ಬೇಕಿತ್ತಲ್ಲ. ಸ್ಟೀವ್ ಕಾಲಿನ್ಸ್ ಎಂಬ ವೈದ್ಯ 2000ದಲ್ಲಿ ಇಥಿಯೋಪಿಯಾದಲ್ಲಿ ಅದನ್ನು ಮಾಡಿ ತೋರಿಸಿದರು. ಬೇರೆ ಕಾಯಿಲೆ ಇಲ್ಲದ, ತಿನ್ನುವ ಆಸೆ ಇರುವ ಮಗುವನ್ನು ಆಸ್ಪತ್ರೆಯಲ್ಲಿ ಇಟ್ಟುಕೊಳ್ಳಬೇಕಿಲ್ಲ ಎಂಬುದು ಅವರ ವಾದ. ದೊಡ್ಡ ಪರೀಕ್ಷೆ ಬಂದದ್ದು 2005ರ ನೈಜರ್ ಬಿಕ್ಕಟ್ಟಿನಲ್ಲಿ. ಎಂಎಸ್‌ಎಫ್, ಅಂದರೆ ಗಡಿಗಳಿಲ್ಲದ ವೈದ್ಯರು, ಅಲ್ಲಿ ಅರವತ್ತು ಸಾವಿರಕ್ಕೂ ಜಾಸ್ತಿ ತೀವ್ರ ಅಪೌಷ್ಟಿಕ ಮಕ್ಕಳಿಗೆ ಚಿಕಿತ್ಸೆ ಕೊಟ್ಟರು, ಹೆಚ್ಚಿನವರಿಗೆ ಮನೆಯಲ್ಲೇ. ವಿಶ್ವಸಂಸ್ಥೆಯ ಸಂಸ್ಥೆಗಳು 2007ರಲ್ಲಿ ಈ ವಿಧಾನಕ್ಕೆ ಒಪ್ಪಿಗೆ ಹಾಕಿದವು.

ಈಗ ಅದು ನಡೆಯುವ ರೀತಿ ಹೀಗೆ. ಪಟ್ಟಿ ಕೆಂಪು ತೋರಿಸಿದ ಮಗುವಿನ ಕೈಗೆ ಒಂದು ಪೊಟ್ಟಣ ಕೊಟ್ಟು ನೋಡುತ್ತಾರೆ. ಇದನ್ನು ಹಸಿವಿನ ಪರೀಕ್ಷೆ ಅನ್ನುತ್ತಾರೆ. ತಾಯಿ ತೊಡೆಯ ಮೇಲೆ ಕೂರಿಸಿಕೊಂಡು ತಿನ್ನಿಸುತ್ತಾಳೆ, ಬಲವಂತ ಮಾಡುವಂತಿಲ್ಲ. ಮಗು ತಿಂದರೆ ಒಂದು ವಾರಕ್ಕಾಗುವಷ್ಟು ಪೊಟ್ಟಣ ಕೊಟ್ಟು ಮನೆಗೆ ಕಳಿಸುತ್ತಾರೆ. ತಿನ್ನದೆ ಮುಖ ತಿರುಗಿಸಿದರೆ, ಇಲ್ಲವೇ ಜ್ವರ, ವಾಂತಿ, ಬಾವು ಜಾಸ್ತಿ ಇದ್ದರೆ, ಆಸ್ಪತ್ರೆಗೆ. ಐದರಲ್ಲಿ ನಾಲ್ಕು ಮಕ್ಕಳಿಗೆ ಮನೆಯ ಚಿಕಿತ್ಸೆಯೇ ಸಾಕು. ವಾರಕ್ಕೊಮ್ಮೆ ಬಂದು ತೋಳು ಅಳೆಸಿ, ತೂಕ ಮಾಡಿಸಿಕೊಂಡು ಹೋಗಬೇಕು. ಆರರಿಂದ ಎಂಟು ವಾರಕ್ಕೆ ಪಟ್ಟಿ ಹಸಿರಿಗೆ ಬರುತ್ತದೆ. ಒಂದು ಮಗುವಿಗೆ ಸುಮಾರು 150 ಪೊಟ್ಟಣ, ಅಂದರೆ ಒಂದು ರಟ್ಟಿನ ಪೆಟ್ಟಿಗೆ.

ಪೆಟ್ಟಿಗೆಗೊಂದು ಮಗು ಎಂಬ ಈ ಲೆಕ್ಕ ಕೆಲವೊಮ್ಮೆ ಎದೆ ಝಲ್ಲೆನ್ನಿಸುತ್ತದೆ. ಸುಡಾನ್‌ನ ರಾಜಧಾನಿ ಖಾರ್ಟೂಮ್‌ನಲ್ಲಿ ಇಂಥದೇ ಪೇಸ್ಟ್ ತಯಾರಿಸುವ ಸಮಿಲ್ ಎಂಬ ಕಾರ್ಖಾನೆ ಇತ್ತು. ಯುದ್ಧ ಶುರುವಾದ ಮರುತಿಂಗಳೇ, 2023ರ ಮೇನಲ್ಲಿ, ಅದು ಸುಟ್ಟು ಬೂದಿಯಾಯಿತು. ಒಳಗಿದ್ದದ್ದು 14,500 ಪೆಟ್ಟಿಗೆ.

ಧಾನ್ಯ ಕೊಡೋದಾ, ದುಡ್ಡು ಕೊಡೋದಾ?

ಪೊಟ್ಟಣ ಕಾಯಿಲೆ ಬಿದ್ದ ಮಗುವಿಗೆ. ಆ ಮನೆಯ ಉಳಿದವರಿಗೆ ಊಟ ಇಲ್ಲದಿದ್ದರೆ ಪೊಟ್ಟಣವನ್ನು ಎಲ್ಲರೂ ಹಂಚಿಕೊಂಡು ತಿನ್ನುತ್ತಾರೆ, ತಪ್ಪೇನಿದೆ? ಹೀಗಾಗಿ ಮನೆಮಂದಿಗೆಲ್ಲ ರೇಷನ್ ಬೇಕು. ಇಲ್ಲಿ ದೊಡ್ಡ ಹೆಸರು ವಿಶ್ವ ಆಹಾರ ಕಾರ್ಯಕ್ರಮದ್ದು. 1961ರಲ್ಲಿ ಹುಟ್ಟಿ, ರೋಮ್‌ನಿಂದ ಕೆಲಸ ಮಾಡುವ ಈ ಸಂಸ್ಥೆಗೆ 2020ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಕೆಲಸದ ಹಂಚಿಕೆ ಹೆಚ್ಚು ಕಡಿಮೆ ಹೀಗಿದೆ: ತೀವ್ರ ಅಪೌಷ್ಟಿಕ ಮಕ್ಕಳ ಪೊಟ್ಟಣ ಯುನಿಸೆಫ್‌ನದು, ರೇಷನ್ ಮತ್ತು ಹಳದಿ ಗೆರೆಯ ಮಕ್ಕಳು ವಿಶ್ವ ಆಹಾರ ಕಾರ್ಯಕ್ರಮದ್ದು, ಆಸ್ಪತ್ರೆಯ ನಿಯಮ ವಿಶ್ವ ಆರೋಗ್ಯ ಸಂಸ್ಥೆಯದು, ಬೀಜ ಮತ್ತು ದನಕರುಗಳ ಲಸಿಕೆ ಆಹಾರ ಮತ್ತು ಕೃಷಿ ಸಂಸ್ಥೆಯದು. ಡೇರೆ ಹಾಕಿ ಕೂತು ಕೈಯಾರೆ ಮಾಡುವವರು ಬಹುಪಾಲು ಎಂಎಸ್‌ಎಫ್, ಆಕ್ಷನ್ ಅಗೇನ್ಸ್ಟ್ ಹಂಗರ್, ಸೇವ್ ದ ಚಿಲ್ಡ್ರನ್‌ನಂಥ ಸಂಸ್ಥೆಗಳು ಮತ್ತು ಸ್ಥಳೀಯರು.

ಪೂರ್ತಿ ರೇಷನ್ ಅಂದರೆ ಒಬ್ಬರಿಗೆ ದಿನಕ್ಕೆ 2,100 ಕ್ಯಾಲೊರಿ. ಧಾನ್ಯ, ಬೇಳೆ, ಎಣ್ಣೆ, ಉಪ್ಪು, ಜತೆಗೆ ವಿಟಮಿನ್ ಬೆರೆಸಿದ ಮೆಕ್ಕೆಜೋಳ-ಸೋಯಾ ಹಿಟ್ಟು. ಐವತ್ತು ಅರವತ್ತು ದಾಟಿದ ನಮ್ಮವರಿಗೆ ಇಂಥದರ ರುಚಿ ಗೊತ್ತು. ಅಮೆರಿಕದಿಂದ ಬಂದ ಗೋಧಿ ರವೆಯಲ್ಲಿ ಶಾಲೆಯಲ್ಲಿ ಮಾಡುತ್ತಿದ್ದ ಕೇರ್ ಉಪ್ಪಿಟ್ಟು, ಹಾಲಿನ ಪುಡಿ ನೆನಪಿರಬೇಕಲ್ಲ. ಆ ಕೇರ್ ಕೂಡ ಇಂಥದೇ ಅಂತರರಾಷ್ಟ್ರೀಯ ನೆರವಿನ ಸಂಸ್ಥೆ.

ಈಗಂತೂ ವಿಶ್ವ ಆಹಾರ ಕಾರ್ಯಕ್ರಮದ ನೆರವಿನಲ್ಲಿ ಸುಮಾರು ಮೂರನೇ ಒಂದು ಭಾಗ ನಗದು ರೂಪದ್ದು. ಹಸಿದವರಿಗೆ ದುಡ್ಡು ಯಾಕೆ? ಇದಕ್ಕೆ ಅಮರ್ತ್ಯ ಸೇನ್ 1943ರ ಬಂಗಾಳದ ಕ್ಷಾಮ ಇಟ್ಟುಕೊಂಡು ಕೊಟ್ಟ ವಿವರಣೆ ಮುಖ್ಯ. ಅಲ್ಲಿ ಲಕ್ಷಾಂತರ ಜನ ಸತ್ತ ವರ್ಷ ಅಕ್ಕಿ ಪೂರಾ ಇಲ್ಲದೆ ಹೋಗಿರಲಿಲ್ಲ. ಯುದ್ಧದ ಬೆಲೆಯೇರಿಕೆಯಲ್ಲಿ ಕೂಲಿಯವರು, ಮೀನುಗಾರರು ಅದನ್ನು ಕೊಳ್ಳಲಾರದೆ ಹೋದರು. ಅಂಗಡಿಯಲ್ಲಿ ಸಾಮಾನು ಇದ್ದು, ಜನರ ಕೈಯಲ್ಲಿ ಕಾಸಿಲ್ಲದಿದ್ದರೆ ಕಾಸು ಕೊಡುವುದೇ ಸರಿ. ಮನೆಗೆ ಬೇಕಾದ್ದನ್ನು ಅವರೇ ಕೊಳ್ಳುತ್ತಾರೆ, ಊರಿನ ಅಂಗಡಿಯವನೂ ಬದುಕುತ್ತಾನೆ. ಜೋರ್ಡಾನ್‌ನ ಜಾತರಿ ಶಿಬಿರದಲ್ಲಿ ಸಿರಿಯಾದ ನಿರಾಶ್ರಿತರು ಸೂಪರ್ ಮಾರ್ಕೆಟ್ಟಿನ ಕೌಂಟರಿನಲ್ಲಿ ಕ್ಯಾಮೆರಾ ಕಡೆ ಕಣ್ಣು ತೋರಿಸಿದರೆ ಸಾಕಿತ್ತು, ಬಿಲ್ ಕಟ್ಟಿದಂತೆ. ಆದರೆ ಮಾರುಕಟ್ಟೆಯೇ ಬರಿದಾದ ಕಡೆ ದುಡ್ಡು ಹಂಚಿದರೆ ಇರುವ ಚೂರು ಜೋಳದ ಬೆಲೆ ಇನ್ನೂ ಏರುತ್ತದೆ. ಅಲ್ಲಿ ಮೂಟೆಯೇ ಬೇಕು.

ದುಡ್ಡು ಯಾರದು?

ವಿಶ್ವ ಆಹಾರ ಕಾರ್ಯಕ್ರಮಕ್ಕೆ ಖಾತ್ರಿಯ ಬಜೆಟ್ ಅಂತ ಇಲ್ಲ. ದೇಶಗಳು, ಕಂಪನಿಗಳು, ಜನರು ಇಷ್ಟಪಟ್ಟು ಕೊಟ್ಟಷ್ಟು. ವರ್ಷಗಟ್ಟಲೆ ಅತಿ ದೊಡ್ಡ ಪಾಲು ಅಮೆರಿಕದ್ದಾಗಿತ್ತು. 2025ರಲ್ಲಿ ಅಮೆರಿಕ ತನ್ನ ನೆರವಿನ ಸಂಸ್ಥೆ ಯುಎಸ್‌ಏಡ್ ಅನ್ನೇ ಮುಚ್ಚಿತು, ಯುರೋಪಿನ ಹಲವು ದೇಶಗಳೂ ಕೈ ಬಿಗಿ ಮಾಡಿದವು. ವಿಶ್ವ ಆಹಾರ ಕಾರ್ಯಕ್ರಮಕ್ಕೆ ಆ ವರ್ಷ ಸುಮಾರು ಶೇ 40ರಷ್ಟು ಖೋತಾ ಬೀಳುವ ಅಂದಾಜಾಯಿತು. ಕ್ಷಾಮದ ಮುನ್ಸೂಚನೆ ಕೊಡಲು 1985ರಿಂದ ಕೆಲಸ ಮಾಡುತ್ತಿದ್ದ 'ಫ್ಯೂಸ್ ನೆಟ್' ಜಾಲವೂ ಕೆಲವು ತಿಂಗಳು ಬಾಗಿಲು ಹಾಕಿತ್ತು.

ದುಡ್ಡು ಕಡಿಮೆಯಾದರೆ ಏನಾಗುತ್ತದೆ ಎಂಬುದಕ್ಕೆ ಬಾಂಗ್ಲಾದೇಶದ ರೋಹಿಂಗ್ಯಾ ಶಿಬಿರ ನೋಡಿ. ಒಬ್ಬರಿಗೆ ತಿಂಗಳಿಗೆ 12 ಡಾಲರ್ ಇದ್ದ ಆಹಾರದ ಕೂಪನ್ 2023ರ ಮಾರ್ಚ್‌ನಲ್ಲಿ 10ಕ್ಕೆ, ಜೂನ್‌ನಲ್ಲಿ 8ಕ್ಕೆ ಇಳಿಯಿತು. ಆ ಜನರಿಗೆ ಶಿಬಿರ ಬಿಟ್ಟು ದುಡಿಯುವ ಅವಕಾಶವೂ ಇಲ್ಲ.

ಲಾರಿ ನಿಲ್ಲುವ ಜಾಗ

ದುಡ್ಡಿದೆ, ಪೊಟ್ಟಣ ಇದೆ, ಧಾನ್ಯ ಗೋದಾಮಿನಲ್ಲಿದೆ. ಆದರೂ ತಲುಪದ ಊರುಗಳಿವೆ. ಸುಡಾನ್‌ನಲ್ಲಿ ಸೈನ್ಯಕ್ಕೂ ಆರ್‌ಎಸ್‌ಎಫ್‌ಗೂ 2023ರ ಏಪ್ರಿಲ್ 15ರಂದು ಯುದ್ಧ ಶುರುವಾಯಿತು. ಒಂದು ಲಾರಿ ಹೋಗಬೇಕಾದರೆ ಇಬ್ಬರಿಂದಲೂ ಅನುಮತಿ, ನಡುವಿನ ಸಣ್ಣಪುಟ್ಟ ಚೆಕ್‌ಪೋಸ್ಟ್‌ಗಳಲ್ಲಿ ಮತ್ತೆ ಕಾಗದ ಪತ್ರ. ಪಕ್ಕದ ಚಾಡ್ ದೇಶದಿಂದ, ಎಲ್ ಫಾಶರ್ ಇರುವ ದಾರ್ಫುರ್ ಪ್ರಾಂತ್ಯಕ್ಕೆ ಬರುವ 'ಆದ್ರೆ' ಎಂಬ ಗಡಿ ದಾರಿಯನ್ನು ಸೈನ್ಯದ ಸರ್ಕಾರ 2024ರ ಫೆಬ್ರವರಿಯಲ್ಲಿ ಮುಚ್ಚಿಸಿತು. ಮತ್ತೆ ತೆರೆದದ್ದು ಆಗಸ್ಟ್‌ನಲ್ಲಿ. ಎಲ್ ಫಾಶರ್ ಪಕ್ಕದ ಜಮ್‌ಜಮ್ ಶಿಬಿರದಲ್ಲಿ ಕ್ಷಾಮ ಖಚಿತವಾದದ್ದೂ ಅದೇ ಆಗಸ್ಟ್‌ನಲ್ಲಿ. ನಡುವೆ ಮಳೆಗಾಲ ಬಂದು ಮಣ್ಣಿನ ದಾರಿ ಕೊಚ್ಚಿಹೋಗಿತ್ತು.

2025ರ ಜೂನ್‌ನಲ್ಲಿ ಯುನಿಸೆಫ್ ಮತ್ತು ವಿಶ್ವ ಆಹಾರ ಕಾರ್ಯಕ್ರಮದ 15 ಲಾರಿಗಳು ಪೋರ್ಟ್ ಸುಡಾನ್‌ನಿಂದ 1,800 ಕಿಲೋಮೀಟರ್ ದಾಟಿ ಬಂದಿದ್ದವು. ಎಲ್ ಫಾಶರ್ ಇನ್ನು 80 ಕಿಲೋಮೀಟರ್ ಇತ್ತು. ಅಲ್ ಕೋಮಾ ಎಂಬಲ್ಲಿ ಒಳಗೆ ಹೋಗಲು ಅನುಮತಿಗೆ ಕಾದು ನಿಂತಿದ್ದಾಗ ರಾತ್ರಿ ದಾಳಿಯಾಯಿತು. ಐವರು ಸತ್ತರು, ಹಲವು ಲಾರಿಗಳು ಸುಟ್ಟವು.

ವಿಮಾನದಿಂದ ಇಳಿಬಿಡಬಹುದಲ್ಲ ಅಂದರೆ, ಅದಕ್ಕೆ ರಸ್ತೆಗಿಂತ ಹಲವು ಪಟ್ಟು ಖರ್ಚು, ಒಯ್ಯಬಹುದಾದ ತೂಕವೂ ಕಡಿಮೆ. ಕೆಳಗೆ ಜಾಗ ಖಾಲಿ ಮಾಡಿಸಿ ಹಂಚುವವರು ಇರಲೇಬೇಕು. ಇಲ್ಲವಾದರೆ ಮೂಟೆ ಜನರ ತಲೆ ಮೇಲೆಯೇ ಬೀಳುತ್ತದೆ.

ಕಾನೂನು ಇಲ್ಲವೇ? ಇದೆ. ಜನರನ್ನು ಹಸಿವಿಗೆ ದೂಡುವುದನ್ನು ಯುದ್ಧದ ಅಸ್ತ್ರವಾಗಿ ಬಳಸುವಂತಿಲ್ಲ ಎಂದು ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ನಿಯಮ ಹೇಳುತ್ತದೆ. ಭದ್ರತಾ ಮಂಡಳಿ 2018ರಲ್ಲಿ 2417ನೇ ನಿರ್ಣಯದಲ್ಲಿ ಅದನ್ನೇ ಮತ್ತೆ ಹೇಳಿತು. ಜಾರಿ ಮಾಡುವ ಪೊಲೀಸರು ಯಾರೂ ಇಲ್ಲ.

ಹೊರಗಿನವರು ಹೋಗಲಾಗದ ಕಡೆ ಸುಡಾನ್‌ನ ಜನರೇ ಓಣಿ ಓಣಿಯಲ್ಲಿ ಅಡುಗೆಮನೆ ನಡೆಸಿದರು. ದೊಡ್ಡ ಪಾತ್ರೆಯಲ್ಲಿ ಬೇಳೆ, ಇಲ್ಲವೇ 'ಫೂಲ್' ಎಂಬ ಅವರೆಯಂಥ ಕಾಳು ಬೇಯಿಸಿ ಹಂಚಿದರು. ಹೊರದೇಶದ ಸುಡಾನಿಗಳು ಮೊಬೈಲ್ ಆ್ಯಪ್‌ನಲ್ಲಿ ದುಡ್ಡು ಕಳಿಸಿದರು. ಅಮೆರಿಕದ ನೆರವು ನಿಂತಾಗ ಈ ಅಡುಗೆಮನೆಗಳಲ್ಲೂ ಬಹಳಷ್ಟು ಮುಚ್ಚಿದವು.

ನಮ್ಮ ಅಂಗನವಾಡಿಯಲ್ಲಿ ಆ ಪೊಟ್ಟಣ ಯಾಕಿಲ್ಲ?

ನಮ್ಮಲ್ಲಿ ಕ್ಷಾಮ ಇಲ್ಲ, ಆದರೆ ಅಪೌಷ್ಟಿಕತೆ ಇದೆ. 2019ರಿಂದ 2021ರ ನಡುವೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಗಿಡ್ಡ, ಶೇ 19.5ರಷ್ಟು ಎತ್ತರಕ್ಕೆ ತಕ್ಕ ತೂಕ ಇಲ್ಲದವರು.

ಯುನಿಸೆಫ್ ಬಿಹಾರ ಮತ್ತು ಮಧ್ಯಪ್ರದೇಶದಲ್ಲಿ ಈ ಪೇಸ್ಟ್ ಹಂಚುತ್ತಿದ್ದಾಗ, 2009ರಲ್ಲಿ ಕೇಂದ್ರ ಸರ್ಕಾರ ನಿಲ್ಲಿಸಲು ಹೇಳಿತು. ಕಾರ್ಖಾನೆಯ ಪೊಟ್ಟಣ ಬಂದರೆ ಮನೆಯ ಊಟ, ಅಂಗನವಾಡಿಯ ಬಿಸಿ ಊಟ, ಮೊಟ್ಟೆ ಹಿಂದೆ ಸರಿಯುತ್ತವೆ ಎಂಬ ಆತಂಕ ಆಹಾರ ಹಕ್ಕಿನ ಹೋರಾಟಗಾರರಿಗಿತ್ತು. ತೀವ್ರ ಸ್ಥಿತಿಯ ಮಗುವಿಗೆ ಮನೆಯೂಟ ಸಾಲುವುದಿಲ್ಲ, ಇದನ್ನು ಔಷಧ ಅಂತ ನೋಡಿ ಎಂಬುದು ಕೆಲವು ವೈದ್ಯರ ವಾದ. ಈ ಜಗಳ ಇನ್ನೂ ಮುಗಿದಿಲ್ಲ. ತಮಾಷೆ ಅಂದರೆ ಭಾರತದ ಕೆಲವು ಕಾರ್ಖಾನೆಗಳು ಇದೇ ಪೇಸ್ಟನ್ನು ತಯಾರಿಸಿ ಬೇರೆ ದೇಶಗಳಿಗಾಗಿ ಯುನಿಸೆಫ್‌ಗೆ ಕೊಡುತ್ತವೆ. ಶೇಂಗಾದಿಂದ ಅಪೌಷ್ಟಿಕತೆಗೆ ಮದ್ದು ಹುಡುಕುವ ಯೋಚನೆಯೂ ನಮಗೆ ಹೊಸದಲ್ಲ. ಮೈಸೂರಿನ ಸಿಎಫ್‌ಟಿಆರ್‌ಐ ಸಂಸ್ಥೆ ಪ್ಲಂಪಿನಟ್‌ಗಿಂತ ದಶಕಗಳ ಮೊದಲೇ ಶೇಂಗಾ ಹಿಟ್ಟು, ಹುರಿಗಡಲೆ ಹಿಟ್ಟು ಬೆರೆಸಿ 'ಇಂಡಿಯನ್ ಮಲ್ಟಿಪರ್ಪಸ್ ಫುಡ್' ಎಂಬ ಪೌಷ್ಟಿಕ ಹಿಟ್ಟು ಮಾಡಿತ್ತು.

ಈಗ ಕರ್ನಾಟಕದಲ್ಲಿ ತೀವ್ರ ಅಪೌಷ್ಟಿಕ ಮಗು ಸಿಕ್ಕಿ, ಜತೆಗೆ ಕಾಯಿಲೆಯೂ ಇದ್ದರೆ, ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರಿ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸುತ್ತಾರೆ. ಎರಡು ವಾರದಷ್ಟು ಕಾಲ ತಾಯಿಯೂ ಅಲ್ಲೇ ಇರಬೇಕು. ಕೂಲಿ ತಪ್ಪುತ್ತದೆ ಅಂತ ತಾಯಿಗೆ ಭತ್ಯೆ ಇದೆ. ಕಾಯಿಲೆ ಇಲ್ಲದ, ತಿನ್ನುವ ಮಗುವನ್ನು ಅಂಗನವಾಡಿಯ ಮಟ್ಟದಲ್ಲೇ ನೋಡಿಕೊಳ್ಳಿ ಎಂದು ಕೇಂದ್ರ ಸರ್ಕಾರ 2023ರ ಅಕ್ಟೋಬರ್‌ನಲ್ಲಿ ಹೊಸ ನಿಯಮ ತಂದಿತು. ಅದರಲ್ಲೂ ಹಸಿವಿನ ಪರೀಕ್ಷೆ ಇದೆ. ಇಲ್ಲಿ ಮಗುವಿನ ಮುಂದೆ ಇಡುವುದು ಪೊಟ್ಟಣವಲ್ಲ, ಅಂಗನವಾಡಿಯಲ್ಲೇ ಮಾಡಿದ ಊಟ.